ಛತ್ರಕ್ಕೆ ಇಬ್ಬರು ಪಾರುಪತ್ತೇಗಾರರು

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಮನೆಯ ಆಯವ್ಯಯ, ಮಕ್ಕಳ ಓದು, ಮಳೆಗಾಲದಲ್ಲಿ ಬೇಳೆಕಾಳುಗಳ ರಕ್ಷಣೆ ಮೊದಲಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಈ ತಿಂಗಳು ಕಂಪ್ಯೂಟರುಗಳ ವಿಚಾರವನ್ನು ಎತ್ತಿಕೊಂಡರೆ "ಇವರಿಗೇಕೆ ಬಂದಿತು ಈ ಉಸಾಬರಿ?" ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ನಮ್ಮ ನಾಡಿನಲ್ಲಿ ಎಷ್ಟೋ ಸಂಸಾರಗಳ ಅನ್ನವು ಒಂದು ಅಂಗಡಿಯಿಂದಲೋ ಮಂಡಿಯಿಂದಲೋ ಬರತಕ್ಕದ್ದು. ಹಿಂದೆ ಕೆಂಪು ಬಟ್ಟೆಯ ರಟ್ಟಿನ ಖಾತೆಪುಸ್ತಕದಲ್ಲಿ ಇರುತ್ತಿದ್ದ ಅಂಗಡಿಯ ಲೆಕ್ಕವು ಈಗ ಮೂಲೆಯ ಪೆಟ್ಟಿಗೆಯೊಂದನ್ನು ಹೊಕ್ಕು ಕುಳಿತಿದೆ. ಖಾತೆಪುಸ್ತಕ ಕಾಣದೆ ಹೋದರೆ ಮನೆಮಂದಿಯೆಲ್ಲ ಸೇರಿ ಹುಡುಕಬಹುದಾಗಿದ್ದಿತು. ಪೆಟ್ಟಿಗೆಯು ಮಾತನಾಡದೆ ಹೋದರೆ ಯಾರನ್ನು ಕೇಳುವುದು? ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದಿತು. ಅದರ ವೃತ್ತಾಂತವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಣ್ಣನವರು ತಿಪಟೂರಿನಲ್ಲಿ ಕಬ್ಬಿಣ, ಸಿಮೆಂಟು, ಕೊಳವೆಗಳ ಅಂಗಡಿಯೊಂದನ್ನು ಮೂವತ್ತು ವರ್ಷ ನಡೆಸಿ 2022ರಲ್ಲಿ ತೀರಿಕೊಂಡರು. ಆ ಬಳಿಕ ಅತ್ತಿಗೆಯವರು, ಬಿ.ಕಾಂ. ಮುಗಿಸಿದ ಅವರ ಮಗಳು, ಅಣ್ಣನವರ ಕಾಲದಿಂದಲೂ ಇರುವ ಗುಮಾಸ್ತ ರಾಯರು, ಈ ಮೂವರೇ ಅದನ್ನು ಸಾಗಿಸಿಕೊಂಡು ಬಂದಿದ್ದಾರೆ. ನಾವು ನಿವೃತ್ತರಾದ ಮೇಲೆ ವಾರಕ್ಕೆರಡು ದಿನ ಹೋಗಿ ಕುಳಿತು ಬರುತ್ತೇವೆ. ನಮ್ಮಿಂದ ಆಗುವ ಉಪಕಾರಕ್ಕಿಂತ ನಮಗಾಗುವ ಕಾಫಿಯ ಖರ್ಚೇ ಹೆಚ್ಚೆಂದು ಅತ್ತಿಗೆಯವರು ಹಾಸ್ಯ ಮಾಡುವುದುಂಟು.

ಅಂಗಡಿಯಲ್ಲಿ ಐದು ಕಂಪ್ಯೂಟರುಗಳಿವೆ. ಒಂದು ಗಲ್ಲಾಪೆಟ್ಟಿಗೆಯ ಬಳಿ ಚಿಲ್ಲರೆ ವ್ಯಾಪಾರಕ್ಕೆ. ಒಂದು ರಾಯರ ಮೇಜಿನ ಮೇಲೆ. ಒಂದು ಅತ್ತಿಗೆಯವರ ಕೊಠಡಿಯಲ್ಲಿ. ಒಂದು ಹಿಂಬದಿಯ ಗೋದಾಮಿನಲ್ಲಿ. ಐದನೆಯದಕ್ಕೆ ಪರದೆಯೇ ಇಲ್ಲ. ಅದು ಮೂಲೆಯಲ್ಲಿ ಮೌನವಾಗಿ ನಿಂತು ಎಲ್ಲ ಲೆಕ್ಕವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಸರ್ವರು ಎಂದು ಹೆಸರು. ಲೆಕ್ಕ ಬರೆಯುವುದು ಟ್ಯಾಲಿಯಲ್ಲಿ. 1986ರಲ್ಲಿ ಗೋಯೆಂಕಾ ತಂದೆಮಗ ಆರಂಭಿಸಿ ಬೆಂಗಳೂರಿನಿಂದ ದೇಶದ ಅಂಗಡಿಗಳಿಗೆಲ್ಲ ಹಬ್ಬಿಸಿದ ಈ ಲೆಕ್ಕದ ಏರ್ಪಾಡನ್ನು ಕಾಣದ ವರ್ತಕರು ಈಗ ವಿರಳ. ಉಳಿದ ನಾಲ್ಕು ಯಂತ್ರಗಳೂ ಸರ್ವರಿನೊಡನೆ ತಂತಿಯ ಮೂಲಕ ಮಾತನಾಡಿದರೆ ಮಾತ್ರ ಕೆಲಸ ಸಾಗುತ್ತದೆ. ಇದನ್ನೆಲ್ಲ ಹೂಡಿಕೊಟ್ಟವರು ಊರಿನ ಒಬ್ಬ ತಂತ್ರಜ್ಞರು. ಅವರು ಯಾವ ಯಂತ್ರಕ್ಕೆ ಏನು ಮಾಡಿದರು, ಯಾವ ಗುಪ್ತಪದ ಇಟ್ಟರು ಎಂಬುದನ್ನು ಒಂದು ಚೀಟಿಯಲ್ಲಿಯಾದರೂ ಬರೆದುಕೊಟ್ಟಿರಲಿಲ್ಲ. ಬರೆದುಕೊಡಿ ಎಂದು ನಾವು ಕೇಳಿಯೂ ಇರಲಿಲ್ಲ.

2024ನೆಯ ಇಸವಿ ನವೆಂಬರು 11, ಸೋಮವಾರ. ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ವರ್ತಕರು ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿ.ಎಸ್.ಟಿ.ಯವರಿಗೆ 11ನೆಯ ತಾರೀಖಿನೊಳಗೆ ಸಲ್ಲಿಸಬೇಕೆಂಬುದು ವ್ಯಾಪಾರಸ್ಥ ವಾಚಕರಿಗೆ ತಿಳಿದ ಸಂಗತಿ. ಅಂದು ಬೆಳಗ್ಗೆ ಅರ್ಧ ಗಂಟೆ ವಿದ್ಯುತ್ತು ಹೋಗಿ ಬಂದಿತು. ಬಂದ ಮೇಲೆ ನೋಡಿದರೆ ರಾಯರ ಯಂತ್ರ, ಅತ್ತಿಗೆಯವರ ಯಂತ್ರ, ಗೋದಾಮಿನ ಯಂತ್ರ ಈ ಮೂರಕ್ಕೂ ಸರ್ವರು ಕಾಣಿಸದು, ಇಂಟರ್‌ನೆಟ್ಟೂ ಇಲ್ಲ. ಗಲ್ಲಾಪೆಟ್ಟಿಗೆಯ ಯಂತ್ರ ಮಾತ್ರ ಏನೂ ಆಗದ ಹಾಗೆ ಬಿಲ್ಲು ಬರೆಯುತ್ತಿದ್ದಿತು. ಹೊರಗೆ ಎರಡು ಟನ್ನು ಕಬ್ಬಿಣದ ಸರಳುಗಳನ್ನು ಹೇರಿಕೊಂಡ ಲಾರಿ ನಿಂತಿದ್ದಿತು. ಐವತ್ತು ಸಾವಿರ ರೂಪಾಯಿಗಳಿಗೆ ಮೀರಿದ ಸರಕು ದಾರಿಗಿಳಿಯಬೇಕಾದರೆ ಇ-ವೇ ಬಿಲ್ಲು ಬೇಕು. ಆ ಬಿಲ್ಲನ್ನು ತೆಗೆಯುವವರು ರಾಯರು. ತೆಗೆಯುವುದು ಅವರ ಯಂತ್ರದಲ್ಲಿ. ಈಗ ಶಾಂತವಾಗಿ ಯೋಚಿಸಿದರೆ, ಇನ್‌ವಾಯ್ಸನ್ನು ಗಲ್ಲಾಪೆಟ್ಟಿಗೆಯ ಯಂತ್ರದಲ್ಲಿ ಬರೆದು, ಇ-ವೇ ಬಿಲ್ಲನ್ನು ಮೊಬೈಲಿನಲ್ಲಿಯೇ ತೆಗೆದುಬಿಡಬಹುದಾಗಿದ್ದಿತು. ಗಾಬರಿಯಲ್ಲಿದ್ದ ನಾಲ್ವರಿಗೂ ಅದು ಹೊಳೆಯಲಿಲ್ಲ.

ತಂತ್ರಜ್ಞರು ದೂರವಾಣಿಗೆ ಸಿಕ್ಕಲಿಲ್ಲ. ಸಿಕ್ಕಿದಾಗ ತುಮಕೂರಿನಲ್ಲಿದ್ದರು. ಬಂದುದು ಸಂಜೆ ಏಳಕ್ಕೆ. ಮೂರು ಯಂತ್ರಗಳನ್ನೂ ಆರಿಸಿ ಹೊತ್ತಿಸಿದರು, ಎಲ್ಲವೂ ಸರಿಹೋಯಿತು. ಐದು ನಿಮಿಷದ ಕೆಲಸಕ್ಕೆ ಒಂದೂವರೆ ಸಾವಿರ ರೂಪಾಯಿ ತೆಗೆದುಕೊಂಡು, ಏನಾಗಿದ್ದಿತೆಂದು ಕೇಳಿದುದಕ್ಕೆ "ನೆಟ್‌ವರ್ಕ್ ಪ್ರಾಬ್ಲಂ" ಎಂದು ಹೇಳಿ ಹೊರಟುಹೋದರು. ಜಿ.ಎಸ್.ಟಿ. ವಿವರ ರಾತ್ರಿ ಹನ್ನೊಂದಕ್ಕೆ ಹೋಯಿತು. ಆದರೆ ಸರಳುಗಳಿಗಾಗಿ ಕಾದಿದ್ದ ಗಿರಾಕಿಗಳು ಮರುದಿನ ಬೆಳಗ್ಗೆ ತಾರಸಿ ಹಾಕಿಸಬೇಕಾಗಿದ್ದವರು. ಮಧ್ಯಾಹ್ನದವರೆಗೆ ಕಾದು ಬೇರೆ ಅಂಗಡಿಯಿಂದ ತರಿಸಿಕೊಂಡರು. ಅಣ್ಣನವರ ಕಾಲದಿಂದ ಇದ್ದ ಗಿರಾಕಿಗಳು, ತಪ್ಪು ಅವರದಲ್ಲ.

ಈ ಸುದ್ದಿ ನೆಂಟರ ಕಿವಿಗೆ ಬೀಳಲು ತಡವಾಗಲಿಲ್ಲ. ಹತ್ತಿರದ ಬಂಧುಗಳೊಬ್ಬರು ಬಂದು, "ಹೆಂಗಸರಿಂದ ಕಬ್ಬಿಣದ ಅಂಗಡಿ ಆಗುವ ಮಾತಲ್ಲ. ನಮಗೆ ಗುತ್ತಿಗೆಗೆ ಬಿಡಿ, ತಿಂಗಳಿಗಿಷ್ಟು ಎಂದು ಮನೆಗೆ ತಂದುಕೊಡುತ್ತೇವೆ. ಹುಡುಗಿಗೂ ಮದುವೆಯ ವಯಸ್ಸು" ಎಂದರು. ಅತ್ತಿಗೆಯವರು ಯೋಚಿಸಿ ಹೇಳುವುದಾಗಿ ಯುಗಾದಿಯವರೆಗೆ ಗಡುವು ಕೇಳಿದರು. ಅವರು ಹೋದ ಮೇಲೆ ನಮ್ಮ ಕಡೆ ತಿರುಗಿ, "ನೋಡಪ್ಪ, ಬೀಗ ನಮ್ಮದು, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಹೀಗಿದ್ದರೆ ಅವರು ಹೇಳುವುದೂ ನಿಜವೇ" ಎಂದರು. ಮಗಳು ಮಾತನಾಡಲಿಲ್ಲ. ಆ ಭಾನುವಾರ ಅವಳು ಗೋದಾಮಿನಿಂದ ಎರಡು ಹಳೆಯ ಕಂಪ್ಯೂಟರುಗಳನ್ನೂ, ಕೇಬಲ್ಲುಗಳನ್ನೆಲ್ಲ ಒಂದೆಡೆ ಕೂಡಿಸುವ ಸ್ವಿಚ್ಚು ಎಂಬ ಸಣ್ಣ ಪೆಟ್ಟಿಗೆಯೊಂದನ್ನೂ ಮನೆಗೆ ತರಿಸಿ ನಡುಮನೆಯಲ್ಲಿ ಹರಡಿಕೊಂಡು ಕುಳಿತಳು. "ಚಿಕ್ಕಪ್ಪ, ನೀವೂ ಬನ್ನಿ. ಓದಿ ಹೇಳುವವರೊಬ್ಬರು ಬೇಕು" ಎಂದಳು. ಹೀಗೆ ನಮಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸವಾಯಿತು.

ಮೊದಲು ತಂತಿಯ ವಿಚಾರ. ನೀಲಿ ಸಿಪ್ಪೆಯ ಕೇಬಲ್ಲಿನೊಳಗೆ ಎಂಟು ಎಳೆಗಳಿವೆ. ಎರಡೆರಡು ಎಳೆಗಳನ್ನು ಜಡೆಯ ಹಾಗೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಹಾಗೆ ಹೊಸೆಯುವುದು ಅಂದಕ್ಕಲ್ಲ. ಪಕ್ಕದ ತಂತಿಗಳ ವಿದ್ಯುತ್ತಿನ ಗದ್ದಲ ಎರಡು ಎಳೆಗಳ ಮೇಲೂ ಸಮನಾಗಿ ಬಿದ್ದು ತನ್ನಿಂದ ತಾನೆ ಕಳೆದುಹೋಗಲೆಂದು. ತುದಿಗೆ ಹಾಕುವ ಪಾರದರ್ಶಕ ಕೊಂಡಿಯೊಳಗೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಳೆಗಳನ್ನು ತೂರಿಸಿ ಇಕ್ಕಳದಿಂದ ಒತ್ತಬೇಕು. ನಾವು ಏಳು ಕೊಂಡಿಗಳನ್ನು ಹಾಳುಮಾಡಿದೆವು. ಅತ್ತಿಗೆಯವರು ಅಡಿಗೆಮನೆಯಿಂದ ಬಂದು, ನೋಡಿ, ಮೊದಲ ಸಲಕ್ಕೇ ಸರಿಯಾಗಿ ಹಾಕಿ ಹೋದರು. ಮೂವತ್ತು ವರ್ಷ ಮಗಳಿಗೂ ಸೊಸೆಯಂದಿರಿಗೂ ಜಡೆ ಹೆಣೆದ ಕೈ. ಇಂತಹ ಕೇಬಲ್ಲು ನೂರು ಮೀಟರು ದೂರದವರೆಗೆ ಮಾತ್ರ ನಂಬಿಕೆಗೆ ಅರ್ಹವೆಂಬುದನ್ನೂ, ವಿದ್ಯುತ್ತಿನ ತಂತಿಯೊಡನೆ ಸೇರಿಸಿ ಕಟ್ಟಕೂಡದೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ. ನಮ್ಮ ಗೋದಾಮಿಗೆ ಹೋಗುವ ಕೇಬಲ್ಲನ್ನು ವಿದ್ಯುತ್ತಿನ ತಂತಿಗೆ ದಾರದಿಂದ ಬಿಗಿದಿದ್ದರು.

ತಂತಿಯಾದ ಮೇಲೆ ವಿಳಾಸ. ಇದೇ ಎಲ್ಲಕ್ಕೂ ಮುಖ್ಯವಾದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವಿರಬೇಕು. ಅದು ನಾಲ್ಕು ಸಂಖ್ಯೆಗಳ ಸಾಲು. ಒಂದೊಂದು ಸಂಖ್ಯೆಯೂ 0ಯಿಂದ 255ರವರೆಗೆ ಇರಬಹುದು. ಉದಾಹರಣೆಗೆ, 192.168.1.10. ಹೀಗೆ ಎಣಿಸಿದರೆ ಒಟ್ಟು 429 ಕೋಟಿಗೆ ಸ್ವಲ್ಪ ಹೆಚ್ಚು ವಿಳಾಸಗಳು ದೊರೆಯುತ್ತವೆ. ಲೋಕದ ಜನಸಂಖ್ಯೆಯೇ 800 ಕೋಟಿಯನ್ನು ದಾಟಿದೆ. ಮನೆಗೆ ನಾಲ್ಕು ಯಂತ್ರಗಳಿರುವ ಈ ಕಾಲದಲ್ಲಿ ಅಷ್ಟು ವಿಳಾಸಗಳು ಯಾವ ಮೂಲೆಗೆ ಸಾಲುತ್ತವೆ? ಇದನ್ನು ಮುಂಚಿತವಾಗಿಯೇ ಕಂಡ ಬಲ್ಲವರು 1996ರಲ್ಲಿ ಒಂದು ಕಟ್ಟಳೆ ಮಾಡಿದರು. ಕೆಲವು ಸಂಖ್ಯೆಗಳನ್ನು ಖಾಸಗಿಯೆಂದು ಬೇರೆಯಿಟ್ಟು, ಯಾರ ಮನೆಯೊಳಗೆ ಯಾರು ಬೇಕಾದರೂ ಬಳಸಿಕೊಳ್ಳಬಹುದು, ಹೊರಗಿನ ಹೆದ್ದಾರಿಯಲ್ಲಿ ಮಾತ್ರ ಅವು ಸಲ್ಲವು ಎಂದರು. 192.168 ಎಂದು ಆರಂಭವಾಗುವ ವಿಳಾಸಗಳು ಅಂಥವು. ಪ್ರತಿಯೊಂದು ಊರಿನಲ್ಲಿಯೂ ಒಂದು ರಥಬೀದಿ ಇರುತ್ತದಷ್ಟೆ? ಆ ಊರಿನ ರಥಬೀದಿಯ ಹತ್ತನೆಯ ಮನೆಗೂ ಈ ಊರಿನ ರಥಬೀದಿಯ ಹತ್ತನೆಯ ಮನೆಗೂ ಜಗಳವಿಲ್ಲ. ಆದರೆ ಒಂದೇ ರಥಬೀದಿಯಲ್ಲಿ ಎರಡು ಹತ್ತನೆಯ ಮನೆಗಳಿದ್ದರೆ ಅಂಚೆಯವನ ಪಾಡೇನು? ಹಾಗೆಯೇ ಒಂದೇ ಅಂಗಡಿಯ ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಂದರೆ ಎರಡೂ ಕೆಡುತ್ತವೆ.

ಈ ನಾಲ್ಕು ಸಂಖ್ಯೆಗಳಲ್ಲಿ ಬೀದಿ ಎಷ್ಟು, ಮನೆ ಎಷ್ಟು ಎಂದು ತೋರಿಸಲು ಇನ್ನೊಂದು ಸಾಲುಂಟು. ಅದಕ್ಕೆ ಸಬ್‌ನೆಟ್ ಮಾಸ್ಕ್ ಎನ್ನುತ್ತಾರೆ. ಅದು 255.255.255.0 ಎಂದಿದ್ದರೆ ಮೊದಲ ಮೂರು ಸಂಖ್ಯೆಗಳು ಬೀದಿ, ಕೊನೆಯದು ಮನೆಯ ನಂಬರು. ಒಂದು ಬೀದಿಯಲ್ಲಿ 254 ಮನೆಗಳಿಗೆ ಸ್ಥಳ. ಒಂದೇ ಬೀದಿಯವರು ನೇರವಾಗಿ ಮಾತನಾಡಿಕೊಳ್ಳುತ್ತಾರೆ. ಬೀದಿಯಾಚೆಗೆ ಹೋಗುವ ಕಾಗದವೆಲ್ಲ ಊರಬಾಗಿಲಿನ ಮೂಲಕ ಹೋಗಬೇಕು. ಆ ಬಾಗಿಲಿಗೆ ಗೇಟ್‌ವೇ ಎಂದು ಹೆಸರು. ಅಲ್ಲಿ ಕುಳಿತಿರುವುದು ರೂಟರು. 192.168.1.10 ಎಂಬುದೂ 192.168.0.10 ಎಂಬುದೂ ನೋಡಲು ಒಂದೇ ರೀತಿ. ಆದರೆ ಮೂರನೆಯ ಸಂಖ್ಯೆ ಬೇರೆಯಾದುದರಿಂದ ಇವೆರಡೂ ಬೇರೆ ಬೇರೆ ಬೀದಿಗಳು. ಈ ಒಂದು ಅಂಕಿಯ ವ್ಯತ್ಯಾಸವೇ ನಮ್ಮ ಕಥೆಯ ಬೀಜ.

ವಿಳಾಸವನ್ನು ಕೊಡುವವರು ಯಾರು? ಎರಡು ದಾರಿಗಳಿವೆ. ಯಂತ್ರದ ಮುಂದೆ ಕುಳಿತು ನಾವೇ ಬರೆದುಕೊಡಬಹುದು. ಅದು ಸ್ವಂತ ಮನೆಯಿದ್ದ ಹಾಗೆ, ಬದಲಾಗುವುದಿಲ್ಲ. ಇಲ್ಲವೆ ಛತ್ರದ ಪದ್ಧತಿ. ಯಾತ್ರಿಕನು ಛತ್ರದ ಬಾಗಿಲಿಗೆ ಬಂದು, "ಕೊಠಡಿಯುಂಟೆ?" ಎಂದು ಕೂಗುತ್ತಾನೆ. ಪಾರುಪತ್ತೇಗಾರನು "ಹನ್ನೆರಡನೆಯದು ಖಾಲಿಯಿದೆ" ಎನ್ನುತ್ತಾನೆ. "ಆಗಲಿ, ಅದನ್ನೇ ಕೊಡಿ" ಎಂದು ಇವನು. "ತೆಗೆದುಕೊಳ್ಳಿ, ನಾಳೆಯವರೆಗೆ ನಿಮ್ಮದು" ಎಂದು ಅವನು. ಹೊಸದಾಗಿ ವಿಳಾಸ ಕೇಳುವಾಗ ಕಂಪ್ಯೂಟರುಗಳು ನಡೆಸುವ ಸಂಭಾಷಣೆ ಈ ನಾಲ್ಕು ಮಾತುಗಳೇ. ಇದಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು, 1993ರಲ್ಲಿ ಇದರ ಮೊದಲ ಕಟ್ಟಳೆ ಹೊರಟಿತು. ಸಾಮಾನ್ಯವಾಗಿ ಪಾರುಪತ್ತೇಗಾರಿಕೆಯನ್ನೂ ರೂಟರೇ ಮಾಡುತ್ತದೆ. ಕೂಗಿದರೂ ಯಾರೂ ಓಗೊಡದಿದ್ದರೆ ಯಾತ್ರಿಕನು ಜಗಲಿಯ ಮೇಲೆ ಮಲಗುವಂತೆ, ಕಂಪ್ಯೂಟರು ತಾನೇ 169.254 ಎಂದು ಆರಂಭವಾಗುವ ವಿಳಾಸವೊಂದನ್ನು ಇಟ್ಟುಕೊಂಡು ಕುಳಿತುಬಿಡುತ್ತದೆ. ಆ ಸಂಖ್ಯೆ ಕಂಡರೆ ಪಾರುಪತ್ತೇಗಾರನು ನಿದ್ರೆ ಹೋಗಿದ್ದಾನೆ, ಇಲ್ಲವೆ ತಂತಿ ಕಳಚಿದೆ ಎಂದು ತಿಳಿಯಬೇಕು.

ಹೆಸರುಗಳನ್ನು ವಿಳಾಸಗಳಾಗಿ ಮಾರ್ಪಡಿಸಿಕೊಡುವ ಶಾನುಭೋಗಿಕೆಯೊಂದು ಉಂಟು. ಅದನ್ನು 1983ರಲ್ಲಿ ಪಾಲ್ ಮಾಕಪೆಟ್ರಿಸ್ ಎಂಬವರು ರಚಿಸಿದರು. ಅದನ್ನು ನಾವು ಮುಟ್ಟಬೇಕಾಗಿ ಬರಲಿಲ್ಲವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಎಂಬವರು ಬರೆದ ಪಿಂಗ್ ಎಂಬ ಪುಟ್ಟ ಉಪಕರಣ ಮಾತ್ರ ನಮಗೆ ಬಹಳ ಪ್ರಿಯವಾಯಿತು. ಜಲಾಂತರ್ಗಾಮಿಗಳನ್ನು ಹುಡುಕಲು ನೀರಿನೊಳಗೆ ಶಬ್ದ ಹೊರಡಿಸಿ ಪ್ರತಿಧ್ವನಿಗಾಗಿ ಕಿವಿಗೊಡುವುದುಂಟಲ್ಲವೆ, ಆ ಶಬ್ದದ ಹೆಸರೇ ಇದಕ್ಕೆ. ಪಿಂಗ್ ಎಂದು ಬರೆದು ಮುಂದೆ ವಿಳಾಸವನ್ನು ಕೊಟ್ಟರೆ, ಆ ಯಂತ್ರವು "ಓ, ಇದ್ದೇನೆ" ಎನ್ನುತ್ತದೆ, ಇಲ್ಲದಿದ್ದರೆ ಮೌನ. ನಮ್ಮ ಎರಡು ಹಳೆಯ ಪೆಟ್ಟಿಗೆಗಳು ನಡುಮನೆಯಲ್ಲಿ ಒಂದನ್ನೊಂದು ಮೊದಲ ಬಾರಿಗೆ ಕರೆದು ಓಗೊಟ್ಟ ರಾತ್ರಿ, ಅಣ್ಣನವರು ಹೋದ ಮೇಲೆ ಆ ಮನೆಯಲ್ಲಿ ಇಲ್ಲದಿದ್ದ ನಗುವನ್ನು ಕೇಳಿದೆವು.

ಹೀಗೆ ಎರಡು ತಿಂಗಳು ಕಳೆಯಿತು. ಅಂಗಡಿಯ ರೂಟರಿನ ಗುಪ್ತಪದ ನಮ್ಮ ಬಳಿ ಇರಲಿಲ್ಲವೆಂದು ಹೇಳಿದೆವಷ್ಟೆ. ಹಿಂಬದಿಯ ಸಣ್ಣ ರಂಧ್ರದಲ್ಲಿ ಕಡ್ಡಿಯನ್ನು ತೂರಿಸಿ ಹತ್ತು ಸೆಕೆಂಡು ಅದುಮಿದರೆ ಹಳೆಯದೆಲ್ಲ ಅಳಿಸಿ ಹೋಗಿ, ಪೆಟ್ಟಿಗೆಯ ತಳದ ಚೀಟಿಯಲ್ಲಿ ಮುದ್ರಿಸಿರುವ ಗುಪ್ತಪದವೇ ಮರಳಿ ಸಲ್ಲುತ್ತದೆ. ನಾವು ಕಡ್ಡಿಯನ್ನು ಕೈಗೆತ್ತಿಕೊಂಡಿದ್ದೆವು. ಹುಡುಗಿ ಕೈ ಹಿಡಿದಳು: "ಸ್ವಲ್ಪ ತಾಳಿ ಚಿಕ್ಕಪ್ಪ, ಇಂಟರ್‌ನೆಟ್ಟಿನವರು ಕೊಟ್ಟ ಬಳಕೆದಾರರ ಹೆಸರೂ ಇದರೊಳಗೇ ಇದೆ. ಅದು ಅಳಿಸಿಹೋದರೆ ನಾಳೆ ಅಂಗಡಿಯೇ ಇಲ್ಲ." ಅದು ನಿಜ. ಸಂಪರ್ಕ ಕೊಟ್ಟ ಕಚೇರಿಗೆ ಹೋಗಿ ಆ ಹೆಸರನ್ನೂ ಗುಪ್ತಪದವನ್ನೂ ಬರೆಸಿಕೊಂಡು ಬಂದು, ಭಾನುವಾರ ಅಂಗಡಿ ಮುಚ್ಚಿದ ಮೇಲೆ ಆ ಕೆಲಸ ಮಾಡಿದೆವು. ಮನೆಯಲ್ಲಿ ಈ ಸಾಹಸಕ್ಕೆ ಇಳಿಯುವ ವಾಚಕರು ಈ ಕ್ರಮವನ್ನು ಮರೆಯಕೂಡದು. ಅಂದೇ ಒಂದು ನೋಟುಪುಸ್ತಕವನ್ನು ತೆರೆದು ಎಲ್ಲ ವಿಳಾಸಗಳನ್ನೂ ಬರೆದಿಟ್ಟೆವು: ರೂಟರು 1, ಸರ್ವರು 10, ಗಲ್ಲಾಪೆಟ್ಟಿಗೆಯ ಯಂತ್ರ 11, ಮುದ್ರಣಯಂತ್ರಗಳು 20 ಮತ್ತು 21, ಛತ್ರದ ಕೊಠಡಿಗಳು 100ರಿಂದ 150ರವರೆಗೆ. ಸರ್ವರಿಗೂ ಗಲ್ಲಾಪೆಟ್ಟಿಗೆಯ ಯಂತ್ರಕ್ಕೂ ತಂತ್ರಜ್ಞರು ಕೈಯಿಂದಲೇ ವಿಳಾಸ ಬರೆದಿದ್ದರು, ಉಳಿದ ಮೂರು ಯಂತ್ರಗಳು ಛತ್ರದವು ಎಂಬುದು ಆಗ ತಿಳಿಯಿತು. ಅದರ ಮಹತ್ವ ಹೊಳೆದುದು ಅನಂತರ.

ಈ ನಡುವೆ ರಾಯರ ಯಂತ್ರ ಆಗಾಗ ಮುನಿಸಿಕೊಳ್ಳುತ್ತಿದ್ದಿತು. ಒಮ್ಮೆ ಆರಿಸಿ ಹೊತ್ತಿಸಿದರೆ ಒಂದು ವೇಳೆ ಸರಿಹೋಗುತ್ತಿತ್ತು, ಒಂದು ವೇಳೆ ಇಲ್ಲ. ರಾಯರು ಅದಕ್ಕೆ ಶನಿವಾರ ಊದುಕಡ್ಡಿ ಹಚ್ಚುತ್ತಿದ್ದರು, ನಾವು ಬೇಡವೆನ್ನಲಿಲ್ಲ.

2025ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಮತ್ತೆ ವಿದ್ಯುತ್ತು ಹೋಗಿ ಬಂದಿತು. ಮತ್ತೆ ಅದೇ ಮೂರು ಯಂತ್ರಗಳು ಮೂಕವಾದವು. ಹೊರಗೆ ಮತ್ತೆ ಒಂದು ಲಾರಿ. ರಾಯರು ತಂತ್ರಜ್ಞರಿಗೆ ದೂರವಾಣಿ ಮಾಡಲು ಹೊರಟರು. "ರಾಯರೇ, ಹತ್ತು ನಿಮಿಷ ಅವಕಾಶ ಕೊಡಿ" ಎಂದು ಹುಡುಗಿ ಅವರ ಕುರ್ಚಿಯಲ್ಲಿ ಕುಳಿತಳು. ಅತ್ತಿಗೆಯವರು ಕೊಠಡಿಯ ಬಾಗಿಲಲ್ಲಿ ಬಂದು ನಿಂತರು.

ಅವಳು ಕಪ್ಪು ಕಿಟಕಿಯೊಂದನ್ನು ತೆರೆದು ಐಪಿಕಾನ್‌ಫಿಗ್ ಎಂದು ಬರೆದಳು. ಯಂತ್ರವು ತನ್ನ ವಿಳಾಸವನ್ನು ತಾನೇ ಒಪ್ಪಿಸಿತು: 192.168.0.103. ನೋಟುಪುಸ್ತಕದಲ್ಲಿ ನಮ್ಮ ಬೀದಿಯ ಮೂರನೆಯ ಸಂಖ್ಯೆ 1. ಇಲ್ಲಿ 0. "ಚಿಕ್ಕಪ್ಪ, ರಾಯರ ಯಂತ್ರ ಬೇರೆ ಬೀದಿಯಲ್ಲಿ ಕುಳಿತಿದೆ. ಸರ್ವರು ಕಾಣುವುದು ಹೇಗೆ?" ಎಂದಳು. ಅತ್ತಿಗೆಯವರ ಯಂತ್ರವೂ ಹಾಗೆಯೇ, ಗೋದಾಮಿನದೂ ಹಾಗೆಯೇ. ಕೈಯಿಂದ ವಿಳಾಸ ಬರೆದ ಎರಡು ಯಂತ್ರಗಳಿಗೆ ಮಾತ್ರ ಬಾಧಕವಿಲ್ಲ, ಏತಕ್ಕೆಂದರೆ ಅವು ಯಾರನ್ನೂ ಕೊಠಡಿ ಕೇಳುವುದಿಲ್ಲ. ಹಾಗಾದರೆ ಕೇಳಿದ ಮೂರಕ್ಕೂ ಈ ಕೊಠಡಿಗಳನ್ನು ಕೊಟ್ಟವರು ಯಾರು? ನಮ್ಮ ರೂಟರಂತೂ ಅಲ್ಲ. ಛತ್ರದಲ್ಲಿ ಎಲ್ಲಿಯೋ ಇನ್ನೊಬ್ಬ ಪಾರುಪತ್ತೇಗಾರನಿರಬೇಕು.

ಅದೇ ಆಜ್ಞೆಯನ್ನು ವಿಸ್ತಾರವಾಗಿ ಕೇಳಿದಾಗ, ವಿಳಾಸ ಕೊಟ್ಟವನ ವಿಳಾಸವೂ ಕಾಣಿಸಿಕೊಂಡಿತು: 192.168.0.1. ಅವಳು ಆ ವಿಳಾಸಕ್ಕೆ ನಿಲ್ಲದೆ ಪಿಂಗ್ ಕಳುಹಿಸುವಂತೆ ಮಾಡಿ, ನಮ್ಮನ್ನು ಸ್ವಿಚ್ಚಿನ ಬಳಿಗೆ ಕಳುಹಿಸಿದಳು. ನಾವು ಒಂದೊಂದೇ ಕೇಬಲ್ಲನ್ನು ಎಳೆದು ಮತ್ತೆ ಸಿಕ್ಕಿಸುತ್ತ ಬಂದೆವು. "ಇದೆ... ಇದೆ... ಇನ್ನೂ ಇದೆ..." ಎಂದು ಅವಳು ಅಲ್ಲಿಂದ ಕೂಗುತ್ತಿದ್ದಳು. ಏಳನೆಯದನ್ನು ಎಳೆದೆವು. "ನಿಂತಿತು!" ಎಂದಳು. ಅದು ಗೋದಾಮಿನ ಕೇಬಲ್ಲು.

ಗೋದಾಮಿಗೆ ಹೋಗಿ ಕೇಬಲ್ಲಿನ ಜಾಡನ್ನು ಹಿಡಿದು ನಡೆದೆವು. ಸಿಮೆಂಟಿನ ಮೂಟೆಗಳ ಹಿಂದೆ, ಮೊಳೆಗಳ ಡಬ್ಬಗಳ ಮೇಲೆ, ಧೂಳು ಹೊದ್ದ ಬಿಳಿಯ ಪೆಟ್ಟಿಗೆಯೊಂದು ಹಸಿರು ದೀಪವನ್ನು ಮಿಣುಕಿಸುತ್ತ ಕುಳಿತಿದ್ದಿತು. ಅದನ್ನು ನಾವು ಗುರುತಿಸಿದೆವು. ಗುರುತಿಸದೆ ಏನು, ಅದು ನಮ್ಮದೇ ಪೆಟ್ಟಿಗೆ.

ವಾಚಕರ ಮುಂದೆ ಮುಚ್ಚಿಟ್ಟು ಪ್ರಯೋಜನವಿಲ್ಲ. 2024ರ ಅಕ್ಟೋಬರಿನಲ್ಲಿ, ಆಯುಧಪೂಜೆಗೆ ಮುಂಚೆ, ಗೋದಾಮಿನ ತಗಡಿನ ಮಾಡಿನ ಕೆಳಗೆ ಮೊಬೈಲಿಗೆ ಸಿಗ್ನಲ್ಲು ಬಾರದೆಂದು ಅಲ್ಲಿನ ಹುಡುಗ ಹೇಳಿಕೊಂಡಿದ್ದನು. ನಮ್ಮ ಮನೆಯಲ್ಲಿ ಹಳೆಯ ವೈಫೈ ರೂಟರೊಂದು ಅಟ್ಟದ ಮೇಲೆ ಬಿದ್ದಿದ್ದಿತು. ಅದನ್ನು ತಂದು, "ಎಲ್ಲಿಯಾದರೂ ಒಂದು ತೂತಿಗೆ ಕೇಬಲ್ಲು ಚುಚ್ಚಿ ನೋಡಪ್ಪ" ಎಂದು ಕೊಟ್ಟೆವು. "ಸಿಗ್ನಲ್ಲು ಪೂರ್ತಿ ಇದೆ ಸಾರ್, ನೆಟ್ಟು ಮಾತ್ರ ಬರುವುದಿಲ್ಲ" ಎಂದನು. ಹೋಗಲಿ ಬಿಡು ಎಂದು ನಾವು ಮರೆತೆವು, ಅವನೂ ಕಳಚಲಿಲ್ಲ. ಅಂದಿನಿಂದ ಆ ಪೆಟ್ಟಿಗೆಯು, ತನ್ನ ಕೆಲಸವೆಂದು ತಾನು ತಿಳಿದದ್ದನ್ನು ನಿಷ್ಠೆಯಿಂದ ಮಾಡುತ್ತ, ಕೇಳಿದವರಿಗೆಲ್ಲ ಎಲ್ಲಿಗೂ ದಾರಿಯಿಲ್ಲದ ಬೀದಿಯಲ್ಲಿ ಕೊಠಡಿಗಳನ್ನು ಹಂಚುತ್ತಿದ್ದಿತು. ಇಬ್ಬರಲ್ಲಿ ಯಾರು ಮೊದಲು ಓಗೊಟ್ಟರೋ ಅವರದೇ ಕೊಠಡಿ. ವಿದ್ಯುತ್ತು ಹೋಗಿ ಬಂದಾಗ ಅಂಗಡಿಯ ದೊಡ್ಡ ರೂಟರು ಎಚ್ಚರಗೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಚಿಕ್ಕದು ಬೇಗನೆ ಎದ್ದು ಬಾಗಿಲಿಗೆ ಬಂದುಬಿಡುತ್ತದೆ. ನವೆಂಬರಿನಲ್ಲಿ ತಂತ್ರಜ್ಞರು ಯಂತ್ರಗಳನ್ನು ಆರಿಸಿ ಹೊತ್ತಿಸಿದಾಗ ದೊಡ್ಡದು ಮೊದಲು ಮಾತನಾಡಿತೆಂದು ಕಾಣುತ್ತದೆ. ಅದರಿಂದ ರೋಗ ಮರೆಯಾಯಿತು, ಹೋಗಲಿಲ್ಲ. ನಾವು ನಾಲ್ಕು ತಿಂಗಳು ಮನಸ್ಸಿನಲ್ಲಿಯೇ ಅವರನ್ನು ಬಯ್ದುಕೊಂಡಿದ್ದೆವು. ಕಾಗದ ಬರೆದುಕೊಡದುದು ಅವರ ಲೋಪವೇ ಸರಿ. ಆದರೆ ಹಳೆಯ ಗಿರಾಕಿಗಳನ್ನು ಕಳೆದವರು ಅವರಲ್ಲ.

ನಾವು ಅಲ್ಲಿಯೇ ಒಂದು ಮೂಟೆಯ ಮೇಲೆ ಕುಳಿತು ಅತ್ತಿಗೆಯವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಣ್ಣ ಇದ್ದಿದ್ದರೆ ನಿನ್ನನ್ನು ಏನನ್ನುತ್ತಿದ್ದರೋ ಅದನ್ನು ನಾನು ಅನ್ನುವುದಿಲ್ಲ" ಎಂದರು. ಅಣ್ಣನವರು ಏನನ್ನುತ್ತಿದ್ದರೆಂಬುದು ನಮಗೆ ಚೆನ್ನಾಗಿ ತಿಳಿದಿತ್ತು. ಲಾರಿ ಹನ್ನೊಂದಕ್ಕೆ ಮುಂಚೆ ಹೊರಟಿತು.

ಆ ಪೆಟ್ಟಿಗೆಯನ್ನು ಎಸೆಯಬೇಕಾಗಲಿಲ್ಲ. ಹುಡುಗಿ ಅದರೊಳಗೆ ಹೋಗಿ ಪಾರುಪತ್ತೇಗಾರಿಕೆಯನ್ನು ನಿಲ್ಲಿಸಿ, ಅದಕ್ಕೆ 192.168.1.2 ಎಂಬ ವಿಳಾಸ ಕೊಟ್ಟು, ವೈಫೈಗೆ ಉದ್ದನೆಯ ಗುಪ್ತಪದವೊಂದನ್ನಿಟ್ಟು, ಲ್ಯಾನ್ ಎಂದು ಬರೆದಿರುವ ತೂತಿನಲ್ಲಿಯೇ ಕೇಬಲ್ಲನ್ನು ಉಳಿಸಿದಳು. ಈಗ ಗೋದಾಮಿನ ಹುಡುಗನಿಗೆ ನೆಟ್ಟೂ ಬರುತ್ತದೆ.

ಅದಾದ ಮೇಲಿನ ಕೆಲಸಗಳು ಬೇಗ ಬೇಗ ನಡೆದವು. ಸರ್ವರಿನಲ್ಲಿ ಎಲ್ಲರೂ ಎಲ್ಲವನ್ನೂ ತೆರೆಯಬಹುದೆಂದು ಇದ್ದಿತು. ಸಂಬಳದ ಪಟ್ಟಿಯನ್ನು ಗೋದಾಮಿನ ಯಂತ್ರದಿಂದ ಯಾರು ಬೇಕಾದರೂ ಓದಬಹುದಾಗಿದ್ದಿತೆಂದು ತಿಳಿದಾಗ ಅತ್ತಿಗೆಯವರ ಮುಖ ನೋಡಬೇಕಾಗಿತ್ತು. ಈಗ ಒಬ್ಬೊಬ್ಬರಿಗೂ ಒಂದೊಂದು ಹೆಸರು, ಒಂದೊಂದು ಗುಪ್ತಪದ. ಅವರವರ ಕೆಲಸಕ್ಕೆ ಬೇಕಾದಷ್ಟೇ ಬಾಗಿಲು. ಗುಪ್ತಪದಗಳೆಲ್ಲ ಮೊಹರು ಮಾಡಿದ ಲಕೋಟೆಯೊಂದರಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಇವೆ. ರೂಟರಿಗೂ ಸ್ವಿಚ್ಚಿಗೂ ಒಂದು ಸಣ್ಣ ಯು.ಪಿ.ಎಸ್. ತಂದಿಟ್ಟಿದ್ದಾಯಿತು.

ಲೆಕ್ಕದ ಪ್ರತಿಯನ್ನು ಬೇರೆಯಾಗಿ ತೆಗೆದಿಡುವ ವಿಚಾರದಲ್ಲಿ ಮಾತ್ರ ನಾವು ಹಟ ಹಿಡಿದೆವು. 2017ರ ಮೇ 12ರಂದು ವಾನಾಕ್ರೈ ಎಂಬ ಹುಳವೊಂದು ಕಡತಗಳನ್ನು ಹಂಚಿಕೊಳ್ಳುವ ಬಾಗಿಲಿನಿಂದಲೇ ನುಗ್ಗಿ, ಹಲವು ದೇಶಗಳ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಸುಲಿಗೆಯ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತವು. ಆ ಬಿರುಕಿಗೆ ಮೈಕ್ರೋಸಾಫ್ಟಿನವರು ತೇಪೆಯನ್ನು ಮಾರ್ಚಿಯಲ್ಲಿಯೇ ಕೊಟ್ಟಿದ್ದರು; ಹಾಕಿಕೊಳ್ಳದಿದ್ದವರು ಸಿಕ್ಕಿಬಿದ್ದರು. ಆದುದರಿಂದ ಯಂತ್ರವು ರಾತ್ರಿ "ಹೊಸತನ್ನು ಹಾಕಿಕೊಳ್ಳಲೆ?" ಎಂದು ಕೇಳಿದರೆ ರಾಯರು ಈಗ ಬೇಡವೆನ್ನುವುದಿಲ್ಲ. ಪ್ರತಿ ಸಂಜೆ ದಿನದ ಲೆಕ್ಕವೆಲ್ಲ ಒಂದು ಚಿಕ್ಕ ಡಿಸ್ಕಿಗೆ ಇಳಿಯುತ್ತದೆ. ಅತ್ತಿಗೆಯವರು ಅದನ್ನು ಕಳಚಿ, ಎಲೆಅಡಿಕೆಯ ಸಂಚಿಯಲ್ಲಿಟ್ಟುಕೊಂಡು ಬೀಗದ ಕೈಗಳೊಡನೆ ಮನೆಗೆ ತರುತ್ತಾರೆ. ಒಂದನ್ನು ತಂದರೆ ಇನ್ನೊಂದು ಅಂಗಡಿಗೆ ಹೋಗುತ್ತದೆ. ಹೀಗೆ ಎರಡು ಡಿಸ್ಕುಗಳು. ತೆಗೆದಿಟ್ಟ ಪ್ರತಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆಯೇ ಎಂದು ನೋಡಲು ತಿಂಗಳಿಗೊಮ್ಮೆ ನಡುಮನೆಯ ಹಳೆಯ ಯಂತ್ರದ ಮೇಲೆ ಅದನ್ನು ತೆರೆಯುತ್ತೇವೆ. ಮೊದಲ ಸಲ ತೆರೆದಾಗ ಮಾರ್ಚಿ ತಿಂಗಳ ಉದ್ರಿ ಲೆಕ್ಕವೇ ಬಂದಿರಲಿಲ್ಲ. ಕಡತವೊಂದನ್ನು ಸೇರಿಸಲು ಮರೆತಿದ್ದೆವು. ತೆರೆದು ನೋಡದಿದ್ದರೆ ಅದು ತಿಳಿಯುತ್ತಿದ್ದುದು ಯಾವಾಗ?

ಯುಗಾದಿಗೆ ಬಂಧುಗಳು ಬೇವುಬೆಲ್ಲಕ್ಕೆ ಬಂದಿದ್ದರು. ಗುತ್ತಿಗೆಯ ಮಾತನ್ನು ತೆಗೆದಾಗ ಅತ್ತಿಗೆಯವರು, "ಮಗಳನ್ನು ಕೇಳಿ. ಅಂಗಡಿ ಅವಳದು" ಎಂದರು. ಅವಳು ಆಗ ಅಂಗಡಿಯಲ್ಲಿದ್ದಳು. ಹಬ್ಬದ ದಿನ ಎಲ್ಲ ಯಂತ್ರಗಳೂ ಬಿಡುವಾಗಿರುತ್ತವೆಂದು ಗೋದಾಮಿನ ಕೇಬಲ್ಲನ್ನು ವಿದ್ಯುತ್ತಿನ ತಂತಿಯಿಂದ ಬಿಡಿಸಿ ಬೇರೆ ಕೊಳವೆಯಲ್ಲಿ ಹಾಯಿಸುತ್ತಿದ್ದಳು. ಬಂಧುಗಳು ಅಲ್ಲಿಗೆ ಹೋಗಲಿಲ್ಲ. ಹೋಳಿಗೆ ಊಟ ಮಾಡಿ ಹೊರಟರು.

ಸ್ವಿಚ್ಚಿನ ಮೇಲ್ಗಡೆ ಗೋಡೆಗೆ ಈಗ ಒಂದು ಚೀಟಿ ಅಂಟಿಸಿದ್ದಾರೆ: "ಕೇಳದೆ ಯಾರೂ ಯಾವ ಕೇಬಲ್ಲನ್ನೂ ಚುಚ್ಚಕೂಡದು." ಅಂಗಡಿಗೆ ಬಂದವರೆಲ್ಲ ಅದನ್ನು ಹಮಾಲಿಗಳಿಗಾಗಿ ಬರೆದದ್ದೆಂದು ತಿಳಿಯುತ್ತಾರೆ. ನಾವು ಏನೂ ಹೇಳುವುದಿಲ್ಲ.